ಮೋರಖಂಡಿಯ ಖಾಲಿ ಕೋಣೆ

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಆಡಿಯೋ ಅಂಗಡಿ ಇತ್ತು. ಟೇಪ್ ರೆಕಾರ್ಡರ್ ಕಾಲದಲ್ಲಿ ಶುರು ಮಾಡಿ ಬ್ಲೂಟೂತ್ ಕಾಲದವರೆಗೂ ನಡೆಸಿದೆ. ಈಗ ಅದು ಅಳಿಯನ ಕೈಯಲ್ಲಿದೆ. ನಾನು ಕೆಲಸ ಬಿಡುವ ಹಿಂದಿನ ವರ್ಷದ ಬೇಸಿಗೆಯಲ್ಲಿ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಿಂದ ಒಂದು ದೂರು ಬಂತು.

ಫೋನ್ ಮಾಡಿದವನು ಮಿಲಿಂದ, ಬಸವಕಲ್ಯಾಣದ ಗ್ಯಾರೇಜೊಂದರಲ್ಲಿ ವೆಲ್ಡರ್. ಆ ವಾರವಷ್ಟೇ ನನ್ನಲ್ಲಿಂದ ಆಂಪ್ಲಿಫೈಯರ್, ಎರಡು ಸ್ಪೀಕರ್, ಒಂದು ಡ್ಯಾಕ್ ಒಯ್ದಿದ್ದ. ಡ್ಯಾಕ್ ಎಂದರೆ ಫೋನಿನಲ್ಲಿ ಅಂಕಿಗಳಾಗಿ ಕೂತಿರುವ ಧ್ವನಿಯನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ತಾಗಿ ಬದಲಿಸುವ ಸಣ್ಣ ಡಬ್ಬಿ.

"ಸರ್, ನಿಮ್ಮ ಸಾಮಾನ ಖರಾಬ್ ಅದ. ಆವಾಜ್ ಸಾಫ್ ಬರವಲ್ದು. ನಮ್ಮವ್ವ ಊಟ ಬಿಟ್ಟು ಕುಂತಾಳ" ಎಂದ.

ಸ್ಪೀಕರ್ ಸರಿಯಿಲ್ಲವೆಂದು ನನ್ನನ್ನು ಬೈದವರು ಬಹಳ ಮಂದಿ. ಊಟ ಬಿಟ್ಟವರನ್ನು ಕಂಡಿರಲಿಲ್ಲ. ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿದೆ.

ವಿಷಯ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಮಿಲಿಂದನ ತಾಯಿ ಸಖೂಬಾಯಿ, ಊರಿನಲ್ಲಿ ಯಾರ ಮನೆಯ ಕೂಸಿಗೆ ಹೆಸರಿಟ್ಟರೂ ತೊಟ್ಟಿಲ ಹಾಡಿಗೆ ಕರೆಸಿಕೊಳ್ಳುವ ಹೆಂಗಸು. ಜೊತೆಗೆ ದನಿಗೂಡಿಸುತ್ತಿದ್ದವಳು ನೆಗೆಣ್ಣಿ ಕಮಳಬಾಯಿ, ಅಂದರೆ ಮೈದುನನ ಹೆಂಡತಿ. ಹಿಂದಿನ ಚಳಿಗಾಲದಲ್ಲಿ ಕಮಳಬಾಯಿ ತೀರಿಕೊಂಡಿದ್ದಳು. ಬರುವ ರವಿವಾರ ಅವಳ ಮೊಮ್ಮಗಳನ್ನೇ ತೊಟ್ಟಿಲಿಗೆ ಹಾಕುವವರಿದ್ದರು, ಸಖೂಬಾಯಿ ಒಬ್ಬಳೇ ಹಾಡಬೇಕಿತ್ತು. ಇಬ್ಬರೂ ತೊಗರಿ ಹೊಲದಲ್ಲಿ ಕೂತು ಹಾಡಿದ್ದನ್ನು ಮಿಲಿಂದ ಹಿಂದೊಮ್ಮೆ ಫೋನಿನಲ್ಲಿ ಹಿಡಿದಿದ್ದ. ಇದ್ದದ್ದು ಅದೊಂದೇ ರೆಕಾರ್ಡಿಂಗ್, ಅದನ್ನು ತಾಯಿಗೆ ಕೇಳಿಸಲೆಂದೇ ಈ ಸಾಮಾನು ಒಯ್ದಿದ್ದ.

"ಹಾಡು ಕೇಳಸ್ತದ್ರಿ ಅಣ್ಣಾರ. ಎರಡು ಸಾಲಿನ ನಡುವ ಕಮಳಿ ಸಣ್ಣಗ ಏನೋ ಅಂತಾಳ. ನನಗ ಅದು ಬೇಕು" ಎಂದಳು ಸಖೂಬಾಯಿ.

"ಅದೇನು ಹಾಡಲ್ಲವ್ವ, ಬಿಡು" ಎಂದ ಮಗ.

ಇಯರ್‌ಫೋನ್ ಕೊಟ್ಟರೆ ಅವಳು ಕಿತ್ತಿಟ್ಟಳಂತೆ. ಕಿವಿ ಮುಚ್ಚಿದರೆ ತನ್ನ ದನಿ ತನಗೆ ಕೇಳುವುದಿಲ್ಲ, ಕೂಡಿ ಹಾಡದೆ ತನಗೆ ಹಾಡು ತಲೆಗೆ ಹತ್ತುವುದಿಲ್ಲ ಎಂಬುದು ಅವಳ ತಕರಾರು. ನ್ಯಾಯವಾದದ್ದೇ.

ನಾನು ಪದ್ಧತಿಯಂತೆ ಶುರು ಮಾಡಿದೆ. ವೈರು ನೋಡಿದೆ. ಮಿಲಿಂದ ಹುರುಪಿನಲ್ಲಿ ಏರಿಸಿಟ್ಟಿದ್ದ ಬೇಸ್, ಅಂದರೆ ದಪ್ಪ ಸದ್ದಿನ ಮಟ್ಟ, ಇಳಿಸಿದೆ. ಬ್ಲೂಟೂತ್ ಬಿಡಿಸಿ ಫೋನನ್ನು ನೇರ ಡ್ಯಾಕಿಗೆ ಜೋಡಿಸಿದೆ. ಸ್ವಲ್ಪ ತಿಳಿಯಾಯಿತು, ಆದರೆ ಸಾಲುಗಳ ನಡುವೆ ಬರೀ ಗುಂಯ್ ಎನ್ನುವ ಸದ್ದು. ಅದೇ ಆಂಪ್ಲಿಫೈಯರಿಗೆ ನನ್ನ ಹೆಡ್‌ಫೋನ್ ಹಚ್ಚಿ ಕೇಳಿದರೆ ಅದೇ ಜಾಗದಲ್ಲಿ ಪಿಸುಮಾತು ಇತ್ತು. ಅಂದರೆ ಯಂತ್ರದ ತಪ್ಪಿಲ್ಲ. ನನ್ನ ಸಾಮಾನಿನ ಮಾನ ಉಳಿಯಿತೆಂದು ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಸದ್ದು ಗೋಡೆಯಿಂದ ಗೋಡೆಗೆ ಓಡಾಡಿ ತಡವಾಗಿ ಅಡಗಿತು. ಕೆಳಗೆ ಶಹಾಬಾದಿ ಕಲ್ಲು, ಸುತ್ತ ಹೊಸದಾಗಿ ಸುಣ್ಣ ಬಳಿದ ಗೋಡೆ, ಸ್ಪೀಕರ್ ಎರಡೂ ಗೋಡೆಯ ಗೂಡಿನೊಳಗೆ. ಕೋಣೆಯಲ್ಲಿ ಮತ್ತೊಂದು ಸಾಮಾನಿಲ್ಲ.

"ಇಲ್ಲಿ ಮೊದಲ ಏನಿತ್ತು?"

"ಕೌದಿ, ತೊಗರಿ ಚೀಲ, ಹಾಸಗಿ. ಹೊಸ ಸಾಮಾನ ಬಂತು ಅಂದ್ರ ಕೋಣಿ ಖಾಲಿ ಮಾಡಬೇಕಲ್ರಿ ಸರ್. ಆವಾಜಿಗೆ ಜಾಗಾ ಬೇಕು ಅಂತ ಎಲ್ಲಾ ಹಿಂದ ಒಯ್ದಿಟ್ಟೇವಿ."

ದೊಡ್ಡ ಅತಿಥಿ ಬಂದರೆ ನಮ್ಮ ಕಡೆ ಹೀಗೆಯೇ ಮನೆ ಗುಡಿಸಿ, ಸಾರಿಸಿ, ಖಾಲಿ ಮಾಡಿ ಕೂರಿಸುತ್ತೇವೆ. ಆದರೆ ಧ್ವನಿಗೆ ಆ ಮರ್ಯಾದೆ ಒಗ್ಗುವುದಿಲ್ಲ. ಬರೀ ಗೋಡೆಗೆ ಬಡಿದು ತಿರುಗಿ ಬಂದ ಒಂದು ಸಾಲಿನ ಬಾಲ ಮುಂದಿನ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಮೆತ್ತನೆಯ ಬಟ್ಟೆ, ತುಂಬಿದ ಚೀಲ ಇದ್ದರೆ ಅವು ಅದನ್ನು ನುಂಗುತ್ತವೆ.

ಎಲ್ಲವನ್ನೂ ಮತ್ತೆ ಒಳಗೆ ತರಿಸಿದೆ. ಎದುರು ಗೋಡೆಗೆ ಹಳೆ ಸೀರೆಗಳನ್ನು ಹೊಲಿದು ಮಾಡಿದ ದಪ್ಪ ಕೌದಿ ತೂಗುಬಿಟ್ಟೆವು, ಮೂಲೆಗೆ ಚೀಲ ಒಟ್ಟಿದೆವು. ಸ್ಪೀಕರುಗಳನ್ನು ಗೂಡಿನಿಂದ ತೆಗೆದು, ಕೂತವರ ಕಿವಿಯ ಎತ್ತರಕ್ಕೆ ಸ್ಟೂಲಿನ ಮೇಲೆ ಇಟ್ಟೆ. ಮತ್ತೆ ಹಾಡು ಹಾಕಿದೆ.

ಸಖೂಬಾಯಿಯ ಒಂದು ಸಾಲು ಮುಗಿಯಿತು. ಆ ಬಿಡುವಿನಲ್ಲಿ ಕಮಳಬಾಯಿಯ ಪಿಸುದನಿ ಒಂದೊಂದು ಅಕ್ಷರವೂ ಬಿಡಿಸಿದಂತೆ ಕೇಳಿತು. ಅವಳು ಮುಂದಿನ ಸಾಲನ್ನು ಹೇಳಿಕೊಡುತ್ತಿದ್ದಳು. ಸಖೂಬಾಯಿ ಅದನ್ನೇ ಎತ್ತಿ ಹಾಡುತ್ತಿದ್ದಳು. ಹಾಡು ಮುಗಿಯುವವರೆಗೂ ಹಾಗೆಯೇ.

ಮಿಲಿಂದ ತಾಯಿಯ ಮುಖ ನೋಡಿದ. "ಅವ್ವಾ, ನಿನಗ ಹಾಡು ಬರ್ತಿದ್ದಿಲ್ಲೇನು?"

"ಇಲ್ಲಪ್ಪ. ಅಕಿಗೆ ಮಂದಿ ಮುಂದ ದನಿ ತೆಗೀಲಿಕ್ಕ ನಾಚಿಕಿ. ಮಂದಿ ಸೀರಿ ಉಡಿಸಿದ್ದು ನನಗ. ಹಾಡು ಅಕಿದು. ಅಕಿ ಹೇಳಿಕೊಡದ ನನಗ ಮುಂದಿನ ಸಾಲು ಬರಂಗಿಲ್ಲ."

ಅವಳು ಅತ್ತಳು. ನಾನು ವೈರು ಸುತ್ತುವ ನೆಪದಲ್ಲಿ ಕೆಳಗೆ ನೋಡಿದೆ. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೊಮ್ಮೆ ಹಾಕಲು ಹೇಳಿ, ಪಿಸುದನಿಯ ಹಿಂದೆಯೇ ಹಾಡತೊಡಗಿದಳು. ನಾನು ಹೊರಡುವಾಗ ಮಿಲಿಂದನ ಹೆಂಡತಿ ತಾಟಿನಲ್ಲಿ ರೊಟ್ಟಿ ತಂದಿಟ್ಟಳು, ಸಖೂಬಾಯಿ ಉಂಡಳು.

ರವಿವಾರ ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಸಖೂಬಾಯಿ ತೊಟ್ಟಿಲಿಗೆ ಕೈ ಹಚ್ಚಿ, ನೆರೆದ ಹೆಂಗಸರಿಗೆ "ಇದು ಕಮಳಿ ಹಾಡು" ಎಂದು ಹೇಳಿಯೇ ಶುರು ಮಾಡಿದಳು. ಒಂದು ಸಾಲೂ ತಪ್ಪಲಿಲ್ಲ. ಆದರೆ ಪ್ರತಿ ಸಾಲಿನ ಕೊನೆಗೆ, ಯಾರೋ ಹೇಳಿಕೊಡುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು.

ಇಷ್ಟು ವರ್ಷ ನಾನು ಗಿರಾಕಿಗೆ ಮೊದಲು ಕೇಳುತ್ತಿದ್ದದ್ದು ಎಷ್ಟು ವ್ಯಾಟ್ ಬೇಕು ಎಂದು. ಈಗ ಅಳಿಯನಿಗೆ ಹೇಳಿದ್ದೇನೆ, ವ್ಯಾಟ್ ಆಮೇಲೆ ಕೇಳು, ಯಾರ ದನಿ ಕೇಳಬೇಕಾಗಿದೆ ಎಂದು ಮೊದಲು ಕೇಳು.