ಟಿವಿಯ ಕಾಳಗ, ಅವ್ವನ ಟಗರು

ಆ ಕಾರ್ಟೂನಿನಲ್ಲಿ ಪ್ರಾಣಿ ಪಳಗಿಸುವವರು ಇಬ್ಬರಿದ್ದರು. ಇಬ್ಬರೂ ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ. ಬೆಂಕಿ ಉಗುಳುವ, ನೀರು ಚಿಮ್ಮಿಸುವ, ಕಲ್ಲಿನ ಮೈಯ ಪ್ರಾಣಿಗಳನ್ನು ಹಿಡಿದು, ಊರೂರು ತಿರುಗಿ ಕಾಳಗಕ್ಕೆ ಬಿಡುವುದೇ ಅವರ ಕೆಲಸ. ಶಾಲೆಗೆ ಯಾಕೆ ಹೋಗುವುದಿಲ್ಲ ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ, ನಮಗೆ ಅದೇ ಮೊದಲ ಹೊಟ್ಟೆಕಿಚ್ಚು. ಎರಡು ಸಾವಿರದ ಆಚೀಚೆಯ ವರ್ಷಗಳಲ್ಲಿ ಇಂಡಿ ಪಟ್ಟಣದ ಅಂಚಿನಲ್ಲಿದ್ದ ನಮ್ಮ ಮನೆಗೆ ಕೇಬಲ್ ಬಂದಾಗ ಇವರೂ ಬಂದರು. ಮಾತೆಲ್ಲ ಹಿಂದಿಯಲ್ಲಿ. ನನಗೂ ಅಣ್ಣನಿಗೂ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. ಅವರ ಹೆಸರುಗಳಿಗೆ ನಾಲಿಗೆ ಹೊರಳದೆ ಒಬ್ಬನನ್ನು ಕೆಂಪಂಗಿ ಎಂದೂ, ಅವನ ಎದುರಾಳಿ ಹುಡುಗಿಯನ್ನು ಜಡೆಯವಳು ಎಂದೂ ಕರೆಯುತ್ತಿದ್ದೆವು.

ಅಣ್ಣ ಕೆಂಪಂಗಿಯ ಕಡೆ. ಕೆಂಪಂಗಿಗೆ ಗೊತ್ತಿದ್ದದ್ದು ಮುನ್ನುಗ್ಗುವುದು ಒಂದೇ. ಅವನ ಪ್ರಾಣಿ ಪೆಟ್ಟು ತಿಂದು ಬಿದ್ದರೂ ಹಿಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ, ಅದು ಎದ್ದು ಕೊನೆಯ ಒಂದು ಹೊಡೆತ ಹೊಡೆದು ಗೆಲ್ಲುತ್ತಿತ್ತು. ನಾನು ಜಡೆಯವಳ ಕಡೆ. ಅವಳು ಮೊದಲು ಎದುರಿನ ಪ್ರಾಣಿಯನ್ನು ನೋಡುತ್ತಿದ್ದಳು, ಅದಕ್ಕೆ ತಕ್ಕದ್ದನ್ನು ಕಣಕ್ಕೆ ಬಿಡುತ್ತಿದ್ದಳು, ಮಾತು ಕಮ್ಮಿ. ಪೆಟ್ಟು ಜಾಸ್ತಿಯಾದರೆ ಒಂದು ಸಿಳ್ಳೆ ಹಾಕುತ್ತಿದ್ದಳು. ಅವಳ ಪ್ರಾಣಿ ಎಂಥ ಜಗಳದ ನಡುವೆ ಇದ್ದರೂ ಬಿಟ್ಟು ವಾಪಸು ಬರುತ್ತಿತ್ತು. ಹಾಗೆ ಕರೆಸಿಕೊಂಡರೆ ಸೋಲೇ ಅಂತ ಅಣ್ಣ. ಕರೆದರೆ ಬರುವ ಪ್ರಾಣಿ ಕೆಂಪಂಗಿಯ ಹತ್ತಿರ ಒಂದಾದರೂ ಇದೆಯೇ ಅಂತ ನಾನು. ಕಾಳಗದ ನಡುವೆ ಕರೆಂಟು ಹೋಗುವುದು ಇದ್ದದ್ದೇ. ಆಗ ಉಳಿದ ಕಾಳಗವನ್ನು ಇಬ್ಬರೂ ಬಾಯಲ್ಲಿ ಆಡಿ ಮುಗಿಸುತ್ತಿದ್ದೆವು, ಕೆಲವು ಸಲ ಕೈಯಲ್ಲೂ.

ಅವ್ವ ಹುರುಳಿ ಹಸನು ಮಾಡುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಅವಳದು ಒಂದೇ ತಕರಾರು. ಇಷ್ಟೊಂದು ಪ್ರಾಣಿ ಬಡಿದಾಡುತ್ತವೆ, ಅವಕ್ಕೆ ಮೇವು ಹಾಕುವವರು, ಸಗಣಿ ಬಳಿಯುವವರು ಯಾರು ಅಂತ. ಅದನ್ನು ತೋರಿಸುವುದಿಲ್ಲ ಎಂದು ಅಣ್ಣ ಹೇಳಿದ. ತೋರಿಸದಿದ್ದರೆ ಹೋಗಲಿ, ಹೆಸರಾದರೂ ಹೇಳಬೇಕಿತ್ತು ಎಂದಳು.

ಅವಳು ಹಾಗೆ ಅನ್ನುವುದಕ್ಕೆ ಕಾರಣ ನಮ್ಮ ಹಿತ್ತಲಲ್ಲೇ ಇತ್ತು. ಹಿಂದೆ ಒಂದು ಪಂಚಮಿಗೆ ಅವ್ವ ಮುದ್ದೇಬಿಹಾಳದ ಕಡೆಯ ತನ್ನ ತವರಿಗೆ ಹೋದಾಗ ಉಡಿ ತುಂಬಿ, ಜೊತೆಗೊಂದು ಗಂಡುಮರಿ ಕೊಟ್ಟು ಕಳಿಸಿದ್ದರು. ಕುರಿ ಸಾಕುವ ನಮ್ಮ ಮಂದಿಯಲ್ಲಿ ತವರಿನಿಂದ ಬಂದ ಮರಿ ಹೆಣ್ಣುಮಗಳದು. ಅವಳನ್ನು ಕೇಳದೆ ಗಂಡ ಅದನ್ನು ಮಾರುವಂತಿಲ್ಲ. ಆದರೆ ಮರಿ ಬೆಳೆದು ಕೊಂಬು ಸುತ್ತಿ, ಹಿತ್ತಲ ಗೋಡೆಗೆ ಗುದ್ದಿ ಗುದ್ದಿ ಮಣ್ಣು ಉದುರಿಸತೊಡಗಿದ ಮೇಲೆ ಅಪ್ಪನ ಕಣ್ಣು ಅದರ ಮೇಲೆ ಬಿತ್ತು. ಅಪ್ಪ ಇಂಡಿಯಿಂದ ಹಳ್ಳಿಗಳಿಗೆ ಟೆಂಪೋ ಓಡಿಸುತ್ತಿದ್ದ, ಟಗರಿನ ಕಾಳಗ ಎಲ್ಲಿದೆ ಎಂಬ ಸುದ್ದಿ ಅವನಿಗೆ ಮೊದಲೇ ಮುಟ್ಟುತ್ತಿತ್ತು. ಕಣದಲ್ಲಿ ಟಗರುಗಳನ್ನು ಹಲ್ಲೆಣಿಸಿ, ವಯಸ್ಸು ನೋಡಿ ಜೋಡಿ ಮಾಡುತ್ತಾರೆ, ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ನಾಲ್ಕಕ್ಕೆ ನಾಲ್ಕು. ಎರಡೂ ಹಿಂದೆ ಸರಿದು ಓಡಿ ಬಂದು ಹಣೆಗೆ ಹಣೆ ಗುದ್ದುತ್ತವೆ. ಯಾವುದು ಮೊದಲು ಬೆನ್ನು ತಿರುಗಿಸಿತೋ ಅದು ಸೋತಂತೆ. ಅದಕ್ಕೆ ಅಪೀಲು ಇಲ್ಲ.

ನಸುಕಿನಲ್ಲಿ ನೆನೆಸಿದ ಹುರುಳಿ, ಗೋವಿನಜೋಳ, ಹಾಲು, ತತ್ತಿ ಕೊಡುವುದು, ಕೊಂಬಿಗೆ ಎಣ್ಣೆ ಹಚ್ಚುವುದು, ಹೊಲದ ದಾರಿಯಲ್ಲಿ ನಡೆಸಿಕೊಂಡು ಬರುವುದು, ಎಲ್ಲ ಅವ್ವನ ಪಾಲು. ಮೇವಿನ ಹೊತ್ತಿಗೆ ಅವಳು ಬೋಗುಣಿಗೆ ಬಳೆ ತಾಗಿಸಿ ಸಪ್ಪಳ ಮಾಡಿದರೆ ಸಾಕು, ಟಗರು ಎಲ್ಲಿದ್ದರೂ ಬಂದು ಮುಖ ಹಾಕುತ್ತಿತ್ತು. ಅಣ್ಣ ಒಂದು ವಾರ ಕೆಂಪಂಗಿಯ ಹಾಗೆ ಕೈ ಚಾಚಿ ಹಿಂದಿಯಲ್ಲಿ ಅಪ್ಪಣೆ ಕೊಟ್ಟು ನೋಡಿದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಟಗರು ಅವನನ್ನು ನೋಡುತ್ತಾ ಮೆಲುಕು ಹಾಕಿತು, ಒಂದು ಸಂಜೆ ಬೇಸರ ಬಂದು ಅವನನ್ನೇ ಗುದ್ದಿ ಗೊಬ್ಬರದ ತಿಪ್ಪೆಗೆ ಕೆಡವಿತು.

ಕಾಳಗಕ್ಕೆ ಮಾತ್ರ ಹೆಂಗಸರು, ಹುಡುಗಿಯರು ಹೋಗುತ್ತಿರಲಿಲ್ಲ. ಅಪ್ಪ ಟಗರನ್ನು ಟೆಂಪೋಕ್ಕೆ ಹತ್ತಿಸಿಕೊಂಡು ಹೋಗುತ್ತಿದ್ದ, ಜೊತೆಗೆ ಅಣ್ಣ. ಬಸವನ ಬಾಗೇವಾಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ಗೆದ್ದಿತು, ಆಮೇಲೆ ಮುದ್ದೇಬಿಹಾಳದ ಕಡೆಯೂ ಗೆದ್ದಿತು. ಮೈಕಿನಲ್ಲಿ ಅಪ್ಪನ ಹೆಸರು ಕೂಗುತ್ತಾರೆ ಎಂದು ಅಣ್ಣ ಬಂದು ಹೇಳುತ್ತಿದ್ದ. ಅಪ್ಪ ಥೇಟ್ ಕೆಂಪಂಗಿಯೇ, ಹಗ್ಗದಾಚೆ ನಿಂತು ಕೂಗಿ ಕೂಗಿಯೇ ಗೆಲ್ಲಿಸುತ್ತಾನೆ ಎಂದು ಅವನ ವಾದ. ನಾನು ನೋಡಿರಲಿಲ್ಲವಾದ್ದರಿಂದ ಸುಮ್ಮನಿರಬೇಕಾಗುತ್ತಿತ್ತು. ಅವ್ವ ಟಗರಿನ ಹಣೆ ತಡವಿ, ಗಾಯಕ್ಕೆ ಅರಿಸಿಣ ಒತ್ತಿ, ಒಳಗೆ ಹೋಗುತ್ತಿದ್ದಳು.

ಮುಂದಿನ ಕಾಳಗ ಸಿಂದಗಿಯ ಕಡೆ ಇತ್ತು. ಅದರ ಹಿಂದಿನ ದಿನ ಊಟಕ್ಕೆ ಕೂತಾಗ ಅಪ್ಪ ಒಂದು ಸುದ್ದಿ ಹೇಳಿದ. ಚಡಚಣದ ಕಡೆಯ ಒಬ್ಬ ವ್ಯಾಪಾರಿ ಗೆಲ್ಲುವ ಟಗರುಗಳನ್ನು ಕೊಂಡು ಮಹಾರಾಷ್ಟ್ರಕ್ಕೆ ಸಾಗಿಸುತ್ತಾನಂತೆ. ನಮ್ಮದನ್ನು ನೋಡಿ ಮೆಚ್ಚಿದ್ದಾನೆ, ಸಿಂದಗಿಯಲ್ಲೂ ಗೆದ್ದರೆ ಕಣದಿಂದಲೇ ಜೀಪಿಗೆ ಹಾಕಿಕೊಂಡು ಹೋಗುತ್ತಾನೆ, ಮಾತಾಗಿದೆ. ಅವ್ವ ಅಪ್ಪನ ತಾಟಿಗೆ ರೊಟ್ಟಿ ಹಾಕಿ, “ಮಾರೂ ಮುಂದ ನನ್ನನ್ನ ಒಂದ ಮಾತ ಕೇಳಲಿಲ್ಲ ನೀವು” ಎಂದಳು. ಈಗ ಅದು ಕಾಳಗದ ಟಗರು, ಅದಕ್ಕೂ ತವರಿಗೂ ಏನು ಸಂಬಂಧ ಎಂದ ಅಪ್ಪ. ಅವ್ವ ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿ, ನಾನೂ ಬರುತ್ತೇನೆ, ಕೊನೆಯ ಸಲ ನೋಡುತ್ತೇನೆ ಎಂದಳು. ಅದಕ್ಕೆ ಅಪ್ಪನಿಗೆ ಬೇಡ ಅನ್ನಲಾಗಲಿಲ್ಲ. ನಾನೂ ಟೆಂಪೋ ಹತ್ತಿದೆ.

ಕಣ ಒಂದು ಬಯಲು, ಸುತ್ತ ಹಗ್ಗ, ಹಗ್ಗದ ಸುತ್ತ ಗಂಡಸರು. ನಾನೂ ಅವ್ವನೂ ಟೆಂಪೋದ ನೆರಳಿನಲ್ಲಿ ನಿಂತೆವು. ಎದುರಿನದು ಒಂದು ಕರೀ ಟಗರು. ಅದರ ಮಾಲೀಕ ಅಪ್ಪನ ಹಾಗೆ ಕೂಗುವವನಲ್ಲ, ಬಿಡುವ ಮೊದಲು ಅದರ ಕಿವಿಯಲ್ಲಿ ಏನೋ ಹೇಳಿ ಹಿಂದೆ ಸರಿದು ಕೈಕಟ್ಟಿ ನಿಂತ. ಅಣ್ಣ ನನ್ನ ಹತ್ತಿರ ಓಡಿ ಬಂದು, ಇವನು ನಿನ್ನ ಜಡೆಯವಳ ಜಾತಿಯವನು, ಈಗ ನೋಡು ಯಾರು ಗೆಲ್ಲುತ್ತಾರೆ ಎಂದು ಹೇಳಿ ಹೋದ. ಇಷ್ಟು ವರ್ಷದ ವಾದ ಇವತ್ತು ತೀರುತ್ತದೆ ಎಂಬ ಖುಷಿ ಅವನ ಮುಖದ ಮೇಲೆ ಕುಣಿಯುತ್ತಿತ್ತು.

ಮೊದಮೊದಲು ಎರಡೂ ಸಮಸಮ. ಹಣೆಗಳು ತಾಗಿದ ಸದ್ದು ಟೆಂಪೋದ ತನಕ ಕೇಳಿಸುತ್ತಿತ್ತು. ಬರಬರುತ್ತ ಕರಿಯದರ ಓಟ ಸಣ್ಣದಾಯಿತು. ಹಿಂದೆ ಸರಿಯುವಾಗ ಅದರ ಹಿಂಗಾಲು ತಡವರಿಸತೊಡಗಿತು. ಇನ್ನೊಂದೆರಡು ಗುದ್ದಿಗೆ ಅದು ತಿರುಗುತ್ತದೆ ಎನ್ನುವುದು ನನಗೂ ತಿಳಿಯಿತು. ಜನ ಅಪ್ಪನ ಹೆಸರು ಹಿಡಿದು ಕೂಗತೊಡಗಿದರು. ಆಚೆ ಬದಿಯಲ್ಲಿ ವ್ಯಾಪಾರಿಯ ಆಳು ಜೀಪಿನ ಹಿಂಬಾಗಿಲು ಇಳಿಸಿ, ಒಳಗೆ ಹುಲ್ಲು ಹಾಸಿದ.

ಆಗ ಅವ್ವ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿಯ ಕೆಳಗೆ ಹುರುಳಿ ತುಂಬಿದ ಬೋಗುಣಿ ಇತ್ತು. ಸೆರಗು ತಲೆಗೆ ಎಳೆದುಕೊಂಡು ಗಂಡಸರ ನಡುವೆ ದಾರಿ ಮಾಡಿಕೊಂಡು ಹಗ್ಗದ ತನಕ ಹೋದಳು. ಟಗರು ಹಿಂದೆ ಸರಿದು ಓಡಲು ಅಣಿಯಾಗುತ್ತಿತ್ತು. ಅವ್ವ ಬಳೆಗೈಯಿಂದ ಬೋಗುಣಿ ತಟ್ಟಿದಳು. ಆ ಗದ್ದಲದಲ್ಲಿ ಅದು ಹೇಗೆ ಕೇಳಿಸಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಟಗರು ಕಿವಿ ನಿಮಿರಿಸಿತು. ಕರಿಯದರ ಕಡೆ ಬೆನ್ನು ತಿರುಗಿಸಿ, ಅವಸರವಿಲ್ಲದೆ ನಡೆದು ಬಂದು, ಹಗ್ಗದ ಕೆಳಗೆ ತಲೆ ತೂರಿಸಿ ಹುರುಳಿಗೆ ಬಾಯಿ ಹಾಕಿತು.

ಬಯಲಿನ ತುಂಬ ಎದ್ದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮೈಕಿನವನೂ ನಗು ತಡೆಯಲಾಗದೆ ಕರೀ ಟಗರಿನ ಮಾಲೀಕನ ಹೆಸರನ್ನು ಹೇಗೋ ಹೇಳಿ ಮುಗಿಸಿದ. ಕಾಳಗ ಬಿಟ್ಟು ತಿನ್ನಲು ಬರುವ ಟಗರು ಯಾವ ವ್ಯಾಪಾರಿಗೆ ಬೇಕು. ಜೀಪಿನ ಬಾಗಿಲು ಮೇಲೇರಿತು. ಅಪ್ಪನ ಮುಖ ನೋಡಲು ನನಗೆ ಹೆದರಿಕೆಯಾಗುತ್ತಿತ್ತು. ಆದರೆ ಟಗರು ನಮ್ಮ ಜೊತೆ ಮನೆಗೆ ಬರುತ್ತದೆ ಎಂಬ ಸಂತೋಷದ ಮುಂದೆ ಆ ಹೆದರಿಕೆ ಯಾವ ಲೆಕ್ಕ.

ಅಪ್ಪ ಟೆಂಪೋ ಮನೆಯತ್ತ ತಿರುಗಿಸಿದ. ಹಿಂದೆ ಟಗರಿನ ಪಕ್ಕ ಕೂತಿದ್ದ ಅಣ್ಣ, ಅಷ್ಟು ಗದ್ದಲದಲ್ಲಿ ಕರೆದರೆ ಜಡೆಯವಳ ಪ್ರಾಣಿಯೂ ಬರುತ್ತಿರಲಿಲ್ಲ ಎಂದು ನನಗಷ್ಟೇ ಕೇಳುವಂತೆ ಹೇಳಿದ. ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಮನೆಯಲ್ಲಿ ಟಗರನ್ನು ಕಟ್ಟಿದ ಮೇಲೆ ಅಪ್ಪ ಕೇಳಿದ.

“ಗೆಲ್ಲಾಕತ್ತಿತ್ತು ಅದು. ಯಾಕ ಕರದಿ?”

“ಗೆಲ್ಲಾಕತ್ತಿತ್ತಲ್ರಿ, ಅದಕ್ಕಽ ಕರದೇನಿ” ಎಂದಳು ಅವ್ವ.

ಅಪ್ಪ ಕೆಲವು ದಿನ ಅವಳ ಜೊತೆ ಮಾತು ಬಿಟ್ಟ. ಟೆಂಪೋದಲ್ಲಿ ಕೂತವರು ಅವನನ್ನು ಕೆಣಕದೆ ಇಳಿಯುತ್ತಿರಲಿಲ್ಲ, ಅದನ್ನೂ ನುಂಗಿಕೊಂಡ. ಒಮ್ಮೆ ಕುರಿ ಕೊಳ್ಳುವ ಕಟುಕನೊಬ್ಬ ಅಂಗಳಕ್ಕೆ ಬಂದು ಹಿತ್ತಲಿನತ್ತ ಇಣುಕಿ, ಹೇಗೂ ಕಾಳಗಕ್ಕೆ ಬಾರದ್ದು, ಕೊಡುತ್ತೀರಾ ಎಂದ. ಅಪ್ಪ ಟೆಂಪೋದ ಗಾಲಿ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

“ನನ್ನೇನ ಕೇಳ್ತೀಯೋ ಮಾರಾಯ, ಅದು ಆಕೀದು. ಆಕೀನ್ನ ಕೇಳು” ಎಂದ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕಟುಕ ಬಾಗಿಲ ತನಕ ಹೋಗಿ, ಅವ್ವ ನಿಂತಿದ್ದ ರೀತಿ ನೋಡಿ, ಕೇಳದೆಯೇ ಹೊರಟುಹೋದ.