ಕೊನೆಯ ಮನೆಯ ನಲ್ಲಿ

ಹೊಸಪೇಟೆಯ ನಮ್ಮ ಓಣಿಗೆ ನೀರಿನ ಆ್ಯಪ್ ಬಂದ ಮೇಲೆಯೇ ನಮ್ಮ ನಲ್ಲಿ ಒಣಗಿದ್ದು. ಹೀಗೆಂದರೆ ಆ್ಯಪ್ ಮಾಡಿದವರು ನಗುತ್ತಾರೆ. ನಗಲಿ. ಡ್ಯಾಮನ್ನು ಪಕ್ಕದಲ್ಲೇ ಇಟ್ಟುಕೊಂಡು ನೀರಿಗೆ ಕಾಯುವ ಊರು ನಮ್ಮದು. ಮೊದಲು ನೀರು ಯಾವಾಗ ಬಿಡುತ್ತಾರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಚ್ಚರವಿದ್ದವರು ಹಿಡಿದುಕೊಂಡ ಮೇಲೆ ಉಳಿದದ್ದು ಓಣಿಯ ಕೊನೆಗೂ ಹರಿಯುತ್ತಿತ್ತು. ಈಗ ವಾಲ್ವ್ ತಿರುಗಿಸಿದ ಕೂಡಲೇ ಎಲ್ಲರ ಫೋನೂ ಒಟ್ಟಿಗೆ ಟಿಣ್ ಎನ್ನುತ್ತದೆ, ನಲ್ಲಿಗೆ ಹಚ್ಚಿದ ಮೋಟಾರುಗಳೂ ಒಟ್ಟಿಗೆ ಶುರುವಾಗುತ್ತವೆ. ಮುಂದಿನ ಮನೆಗಳ ಟ್ಯಾಂಕು ತುಂಬಿ ಚೆಲ್ಲುತ್ತಿದ್ದರೆ ನಮ್ಮ ನಲ್ಲಿ ಬುಸ್ಸೆಂದು ಗಾಳಿ ಬಿಡುತ್ತಿತ್ತು. ಆ್ಯಪಿನಲ್ಲಿ ಮಾತ್ರ ಓಣಿಯೆಲ್ಲ ಹಸಿರು, ಅಂದರೆ ಎಲ್ಲರಿಗೂ ನೀರು ಬಂದಿದೆ.

"ನಾವೂ ಒಂದು ಮೋಟಾರ್ ಹಚ್ಚೂಣು ಬಿಡು, ಎಲ್ಲಾರೂ ಹಚ್ಯಾರ," ಎಂದರು ನನ್ನ ಗಂಡ.

ನಾನು ಒಪ್ಪಲಿಲ್ಲ. ಓಣಿಯಲ್ಲಿ ನಮ್ಮದು ಕೊನೆಯ ಮನೆಯಲ್ಲ. ಆಚೆ ಇನ್ನೊಂದಿದೆ, ಅಲ್ಲಿ ಹಸಿ ಬಾಣಂತಿಯಿದ್ದಳು. ಅವಳಿಗೂ ಕೂಸಿಗೂ ಎರೆಯಲು ದಿನವೂ ಹಂಡೆ ತುಂಬ ನೀರು ಬೇಕು. ನಾನು ಮೋಟಾರು ಹಚ್ಚಿದರೆ ಅವಳ ಪಾಲನ್ನೇ ಎಳೆದಂತೆ. ಅವಳ ಗಂಡ ಪಾಪಿನಾಯಕನಹಳ್ಳಿಯ ನೆಂಟರ ಬೋರಿನಿಂದ ಬೈಕಿನ ಮೇಲೆ ಕೊಡ ತರುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮುಂದಿನ ಸಲ ಫೋನು ಟಿಣ್ ಎಂದಾಗ ಬಾಣಂತಿಯ ನಲ್ಲಿಯ ಕೆಳಗೆ ಖಾಲಿ ಕೊಡವಿಟ್ಟು ವಿಡಿಯೊ ತೆಗೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಲ್ಲಿಯವರೆಗೆ ಆ ಗುಂಪಿನಲ್ಲಿ ಬರೀ ಶುಭೋದಯ, ಗುಲಾಬಿ ಹೂವು. "ಓಣಿ ಮಾನ ಕಳೀಬ್ಯಾಡ್ರಿ, ಡಿಲೀಟ್ ಮಾಡ್ರಿ," ಎಂದು ಮೊದಲ ಮನೆಯ ಹಿರಿಯರು ಬರೆದರು. ಅವರು ಕಾಲುವೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಡಿಲೀಟ್ ಮಾಡುವ ಜಾಯಮಾನ ನನ್ನದಲ್ಲ. ಸೀದಾ ಅವರ ಅಂಗಳಕ್ಕೆ ಹೋದೆ. ಮೋಟಾರು ಗುಂಯ್ಗುಡುತ್ತಿತ್ತು.

"ಬರ್ರಿ, ಕುಂದ್ರಿ. ಚಾ ಕುಡೀರಿ," ಎಂದರು.

"ಚಾ ಬ್ಯಾಡ್ರಿ. ಕಂಪ್ಲಿ ಕಡೆ ಕಾಲುವಿ ಮ್ಯಾಲೆ ಅಡ್ಡಾಡಿ, ಮುಂದಿನ ಹೊಲದೋರ ಪಂಪು ಕೀಳಿಸಿ, ಕೊನೀ ಹೊಲಕ್ಕ ನೀರು ಮುಟ್ಟಿಸ್ತಿದ್ದೆ ಅಂತ ನೀವ ಹೇಳ್ತಿದ್ರಿ. ಈಗ ಮುಂದಿನ ಹೊಲದೋರು ಯಾರ್ರಿ?"

"ಅದು ಹೊಲ. ಇದು ಮನಿ."

"ಬಾಣಂತಿದೂ ಮನೀನ ರೀ."

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. ನಾನೂ ಕಣ್ಣು ಕೆಳಗೆ ಮಾಡಲಿಲ್ಲ. ಕೊನೆಗೆ ಅವರೇ ಎದ್ದು ಹೋಗಿ ಸ್ವಿಚ್ಚು ಆರಿಸಿದರು. ಅಂದು ಸಂಜೆ ಗುಂಪಿನಲ್ಲಿ ಕಾಲುವೆಯ ಸರದಿ ನಿಯಮವನ್ನೇ ಹಾಕಿದರು: ಮೊದಲು ಕೊನೆಯ ಮನೆ, ಅಲ್ಲಿಂದ "ತುಂಬಿತು" ಎಂದು ಬರುವವರೆಗೆ ಯಾರೂ ಮೋಟಾರು ಮುಟ್ಟಕೂಡದು. ಕೆಲವರು ಜಗಳವಾಡಿದರು, ಕೆಲವರು ಗುಂಪನ್ನೇ ಬಿಟ್ಟರು. ಅಂಥವರ ಬಾಗಿಲಿಗೆ ಹಿರಿಯರೂ ನಾನೂ ಹೋಗಿ ನಿಂತೆವು. ಬಾಯಿಬಡುಕಿ ಎಂದು ಬೈಸಿಕೊಂಡೆ. ಅದಕ್ಕೆಲ್ಲ ನಾನು ಸೊಪ್ಪು ಹಾಕಲಿಲ್ಲ.

ಕೆಲವು ವಾರಗಳಾದ ಮೇಲೆ ಆ್ಯಪ್ ಹೇಗೆ ನಡೆಯುತ್ತಿದೆ ಎಂದು ನೋಡಲು ಒಬ್ಬ ಅಧಿಕಾರಿ ಬಂದರು. ಎಲ್ಲರ ಫೋನೂ ಟಿಣ್ ಎಂದಿತು. ಓಣಿಯಲ್ಲಿ ಒಂದು ಮೋಟಾರೂ ಸದ್ದು ಮಾಡಲಿಲ್ಲ. ಹಿರಿಯರು ಸ್ವಿಚ್ಚಿನ ಪಕ್ಕ ಕೈಕಟ್ಟಿ ನಿಂತಿದ್ದರು.

"ನೀರು ಬಂದಿದೆ ಅಂತ ಆ್ಯಪ್ ಹೇಳಿತಲ್ಲ, ಮತ್ತೇಕೆ ಕಾಯ್ತಿದೀರಿ?" ಎಂದರು ಅಧಿಕಾರಿ.

"ಆ್ಯಪ್ ಹೇಳೈತ್ರಿ," ಎಂದೆ. "ಬಾಣಂತಿ ಇನ್ನಾ ಹೇಳಿಲ್ಲ."