ಡಾಕ್ಟರು ಹಾಗೆ ಹೇಳಿರಲಿಲ್ಲ

ಡಾಕ್ಟರು ಹೇಳಿದ ಮಾತನ್ನು ನಾನು ತಿರುಚಿ ಹೇಳಿದೆ. ಮರೆತು ಅಲ್ಲ, ತಿಳಿಯದೆ ಅಲ್ಲ — ಬೇಕೆಂದೇ. ಅದರಿಂದ ನನ್ನ ಮೈದುನನ ಹೆಂಡತಿ ಸುಮಂಗಲಾ ಮೂರು ವರ್ಷ ಕೂರಬಾರದ ಜಾಗದಲ್ಲಿ ಕೂತಳು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆಯೋಣವೆಂದರೆ ನನ್ನ ಪರವಾಗಿ ನಾಲ್ಕು ಮಾತು ಸೇರಿಸುವ ಆಸೆ ಹುಟ್ಟುತ್ತದೆ. ನನ್ನ ನಾಲಿಗೆ ಎಂಥದ್ದೆಂದು ನನಗೆ ಗೊತ್ತು.

ಕೊಟ್ಟೂರಿನಲ್ಲಿ ನಮ್ಮದು ಖಾನಾವಳಿ. ಮುಂದೆ ಗಂಡಸರು ಬಡಿಸುತ್ತಾರೆ, ಹಿಂದೆ ಹೆಂಗಸರು ಬೇಯಿಸುತ್ತೇವೆ. ರೊಟ್ಟಿಯ ಒಲೆ ಯಾವಾಗಲೂ ಕಿರಿಯ ಸೊಸೆಯದು. ಅತ್ತೆಯ ಕಾಲದಿಂದ ನಡೆದುಬಂದ ಕಟ್ಟಳೆ. ನಾನು ಒಂಬತ್ತು ವರ್ಷ ಬಡಿದೆ. ಮಾಗಳದಿಂದ ಸುಮಂಗಲಾ ಮದುವೆಯಾಗಿ ಬಂದ ಮೇಲೆ ನನಗೆ ಹಿತ್ತಲ ಬಾಗಿಲ ಹತ್ತಿರ, ಗಾಳಿ ಬರುವ ಕಡೆ, ಈಳಿಗೆ ಮಣೆ ಸಿಕ್ಕಿತು. ಕೂತು ಕಾಯಿಪಲ್ಲೆ ಹೆಚ್ಚುವುದು. ನಗಬೇಡಿ, ಒಂಬತ್ತು ವರ್ಷ ಹೊಗೆ ಕುಡಿದವಳಿಗೆ ಆ ಗಾಳಿ ಸಣ್ಣದಲ್ಲ.

ಬಂದ ನಾಲ್ಕನೆಯ ವರ್ಷ ಸುಮಂಗಲಾಳಿಗೆ ಒಂದು ಕಣ್ಣು ಮಂಜಾಯಿತು. ಆಮೇಲೆ ಎಡಗೈ ಜೋಮು ಹಿಡಿದು ಹಾಗೇ ಉಳಿಯಿತು. ಬೆಳಗ್ಗೆ ಚೆನ್ನಾಗಿರುತ್ತಿದ್ದಳು, ಒಲೆಯ ಮುಂದೆ ಅರ್ಧ ತಾಸು ಕೂತರೆ, "ಅಕ್ಕ, ಕಣ್ಣಿಗೆ ಮೋಡ ಮುಚ್ಚಿದಂಗ ಆಗತೈತಿ" ಅನ್ನುತ್ತಿದ್ದಳು. ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಕೂತರೆ ಮತ್ತೆ ಸರಿ. ಮೈಯಲ್ಲಿ ಹುಣ್ಣಿಲ್ಲ, ಜ್ವರವಿಲ್ಲ. ಅತ್ತೆ ಅವಳಿಗೆ ಮೈಗಳ್ಳಿ ಎಂದು ಹೆಸರಿಟ್ಟರು. ನಾನೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದೆ.

ದಾವಣಗೆರೆಯ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಮೈದುನ ಹಡಗಲಿಯಲ್ಲಿ ಮದುವೆಯ ಅಡಿಗೆಗೆ ಹೋಗಿದ್ದ. ಪರೀಕ್ಷೆಗೆಂದು ಬೆನ್ನಿನಿಂದ ನೀರು ತೆಗೆದಿದ್ದರಿಂದ ಅವಳನ್ನು ಒಳಗೆ ಅಂಗಾತ ಮಲಗಿಸಿದ್ದರು. ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು — ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ಇರಬಹುದು, ಇಲ್ಲದೆಯೂ ಇರಬಹುದು. ಖಚಿತವಾಗಿ ಹೇಳಲು ಇನ್ನಷ್ಟು ದಿನ ನೋಡಬೇಕು. ಅಲ್ಲಿಯವರೆಗೆ ಮಾಡಬೇಕಾದದ್ದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ತಂಪು ಹೊತ್ತಿನಲ್ಲಿ ನಡೆಯಬೇಕು, ಕೈಕಾಲು ಚಾಚಿ ಹಗುರಾಗಿ ವ್ಯಾಯಾಮ ಮಾಡಬೇಕು. ದಣಿವಾಗುವ ಮೊದಲೇ ಕೂರಬೇಕು. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಉಪವಾಸ ಬೇಡ. ಬೆಂಕಿಯ ಕಾವಿನ ಮುಂದೆ ಕೂರಬಾರದು, ಕಾವಿಗೆ ಕಣ್ಣು, ಕೈಕಾಲು ಸೋಲುತ್ತವೆ.

"ಊಟಕ್ಕೆ ಏನು ಕೊಡಬೇಕ್ರಿ?" ಎಂದು ಕೇಳಿದೆ.

"ವಿಶೇಷ ಏನೂ ಬೇಡಮ್ಮ. ನಿಮ್ಮ ಖಾನಾವಳಿಯಲ್ಲಿ ಜನಕ್ಕೆ ಬಡಿಸ್ತೀರಲ್ಲ — ರೊಟ್ಟಿ, ಕಾಳು, ಸೊಪ್ಪು, ಮೊಸರು. ಅದನ್ನೇ ಅವಳಿಗೂ ಬಡಿಸಿ" ಎಂದರು.

ಊರಿಗೆಲ್ಲ ಬೇಯಿಸುವ ನಾವು ಹೆಂಗಸರು ಉಣ್ಣುತ್ತಿದ್ದದ್ದು ನಾಲ್ಕು ಗಂಟೆಗೆ, ಗಿರಾಕಿ ಮುಗಿದ ಮೇಲೆ. ಉಳಿದ ಅನ್ನ, ತಳದ ಸಾರು. ಕಾಳುಪಲ್ಲೆ ಅಷ್ಟೊತ್ತಿಗೆ ಎಲ್ಲಿ ಉಳಿದಿರುತ್ತದೆ. ಇದನ್ನು ಡಾಕ್ಟರಿಗೆ ಹೇಳಲು ನಾಚಿಕೆಯಾಗಿ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಹರಪನಹಳ್ಳಿ ದಾಟಿದ ಮೇಲೆ ಬಸ್ಸಿನಲ್ಲಿ ಸುಮಂಗಲಾ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದಳು. ನಾನು ಹಾಳೆ ತೆಗೆದು ಓದಿದೆ. ಕಾವಿನ ಮುಂದೆ ಕೂರಬಾರದು ಎಂಬಲ್ಲಿಗೆ ಬಂದಾಗ ನನಗೆ ಅವಳ ಮುಖ ಕಾಣಲಿಲ್ಲ — ಒಲೆ ಕಂಡಿತು. ಅವಳು ಎದ್ದರೆ ಅಲ್ಲಿ ಕೂರುವವರು ಯಾರು? ನಾನೇ. ರೋಗದ ಹೆಸರು ಕೇಳಿದರೆ ಅವಳು ಹೆದರಿಯಾಳು, ಅದಕ್ಕೆ ಮುಚ್ಚಿಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆಸರನ್ನು ಮುಚ್ಚಿಟ್ಟರೆ ಅದು ಕರುಣೆ ಎನ್ನಬಹುದೇನೋ. ಒಲೆಯ ಮಾತನ್ನು ಮುಚ್ಚಿಟ್ಟದ್ದಕ್ಕೆ ಏನನ್ನಲಿ —

ಮನೆಯಲ್ಲಿ ಕಾಲು ತೊಳೆಯುವ ಮೊದಲೇ ಅತ್ತೆ ಕೇಳಿದರು, "ಏನಂದ್ರವ್ವ ಡಾಕ್ಟರು?"

"ನರದ ನಿಶ್ಶಕ್ತಿ ಅಂತರಿ. ವ್ಯಾಯಾಮ ಮಾಡಬೇಕಂತ. ಸುಮ್ಮನ ಕುಂತರ ಕೆಡತೈತಿ ಅಂದ್ರು."

"ವ್ಯಾಯಾಮ ಅಂದ್ರ ಮತ್ತೇನು? ರೊಟ್ಟಿ ಬಡಿಯೋದು ವ್ಯಾಯಾಮ ಅಲ್ಲೇನು?"

ಆಗಲಾದರೂ ನಿಲ್ಲಿಸಬಹುದಿತ್ತು. ಸುಮಂಗಲಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು, "ಹೌದ್ರಿ ಅತ್ತಿ, ಅವರೂ ಅದನ್ನ ಅಂದ್ರು" ಎಂದೆ. ಅವಳು ತಲೆಯಾಡಿಸಿದಳು. ಅಕ್ಕ ಓದಿದವಳು, ಅಕ್ಕ ಹೇಳಿದರೆ ಸರಿ ಎಂಬ ನಂಬಿಕೆ ಅವಳದು. ಮರುದಿನ ಹಾಳೆಯನ್ನು ಅದೇ ಒಲೆಗೆ ಹಾಕಿದೆ.

ಅವಳು ಎಷ್ಟು ಕಷ್ಟಪಟ್ಟಳೆಂದರೆ — ವ್ಯಾಯಾಮವೆಂದು ನಂಬಿ ಇನ್ನೂ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ಶ್ರಾವಣ ಸೋಮವಾರ ಹೊಟ್ಟೆಗೆ ಏನೂ ಇಲ್ಲದೆ ಬಡಿದಳು. ಗುಣವಾಗಬೇಕೆಂಬ ಆಸೆ. ಕಣ್ಣು ಮಂಜಾದರೆ ಕೈಯಿಂದ ತಡವಿಕೊಂಡೇ ಹಿಟ್ಟು ತಟ್ಟುವಳು. ನಾನು ಬಾಗಿಲ ಗಾಳಿಯಲ್ಲಿ ಕೂತು ನೋಡುತ್ತಿದ್ದೆ. ನೋಡಿದೆ ಎಂದೇ ಬರೆಯುತ್ತಿದ್ದೇನೆ, ಕಾಣಲಿಲ್ಲ ಎನ್ನುವುದಿಲ್ಲ.

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಅವಳೇ ಕೇಳಿದಳು, "ಅಕ್ಕ, ಏನೋ ಸುಟ್ಟ ವಾಸನಿ ಬರತೈತಲ್ಲ?"

ತಿರುಗಿ ನೋಡಿದರೆ ಅವಳ ಎಡಗೈ ಹಂಚಿನ ಅಂಚಿನ ಮೇಲಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ನಾನು ಓಡಿಹೋಗಿ ಕೈ ಎಳೆದೆ. ಎರಡು ಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ. ಅತ್ತೆ, "ಲಕ್ಷ್ಯ ಎಲ್ಲಿಟ್ಟಿದ್ದಿ?" ಎಂದು ಬೈದರು. ಅವಳು ತಪ್ಪಾಯಿತೆಂದು ಅತ್ತಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಮರುದಿನದಿಂದ ಒಲೆಯ ಮುಂದೆ ನಾನೇ ಕೂತೆ. ಎಲ್ಲರೂ ನನ್ನನ್ನು ದೊಡ್ಡ ಮನಸ್ಸಿನವಳು ಎಂದರು. ಅದನ್ನೂ ಕೇಳಿಸಿಕೊಂಡೆ.

ಮುಂದೆ ನಾಲ್ಕಾರು ವರ್ಷಕ್ಕೆ ಅವಳ ಕಾಲು ಎಳೆಯತೊಡಗಿತು. ಈ ಸಲ ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಡಾಕ್ಟರೂ ಅದೇ ರೋಗದ ಹೆಸರು ಹೇಳಿದರು, ಈ ಸಲ ಅವಳೆದುರಿಗೇ. ಅದೇ ತಂಪು ಹೊತ್ತು, ಅದೇ ನಡಿಗೆ, ಅದೇ ಊಟ. "ಮೊದಲು ಯಾರೂ ಹೇಳಿರಲಿಲ್ಲವೇ?" ಎಂದರು. "ಇಲ್ರಿ" ಎಂದಳು ಸುಮಂಗಲಾ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಆಮೇಲೆ ಅವಳನ್ನು ಹೊರಗೆ ಬಿಟ್ಟು ಬಂದು ಕಳ್ಳಿಯಂತೆ ಕೇಳಿದೆ — ಒಲೆಯ ಕಾವಿನಿಂದಲೇ ರೋಗ ಬೆಳೆಯಿತೇ? ಕಾವಿನಿಂದ ರೋಗ ಬೆಳೆಯುವುದಿಲ್ಲ, ಆ ಹೊತ್ತಿಗೆ ತೊಂದರೆ ಹೆಚ್ಚುತ್ತದೆ, ತಂಪಾದರೆ ಇಳಿಯುತ್ತದೆ ಎಂದರು. ನನಗೆ ಆದ ಸಮಾಧಾನ ಇದೆಯಲ್ಲ... ಇಳಿದು ಬರುವಾಗ ಮೆಟ್ಟಿಲ ಹತ್ತಿರ ಅವಳ ಬೆರಳು ನೋಡಿದೆ. ಆ ಸಮಾಧಾನ ಅಲ್ಲಿಗೇ ಮುಗಿಯಿತು.

ಈಗ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಶಾಲೆಯ ಬಯಲಿಗೆ ಹೋಗುತ್ತೇವೆ. ಒಂದು ಸುತ್ತು ನಡೆಯುವುದು, ಕಟ್ಟೆಯ ಮೇಲೆ ಕೂರುವುದು, ಇನ್ನೊಂದು ಸುತ್ತು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾಳೆ, ನಾನು ಎಣಿಸುತ್ತೇನೆ. ಹನ್ನೆರಡಕ್ಕೆ, ಗಿರಾಕಿಗಿಂತ ಮೊದಲು, ಅವಳ ತಾಟು. ರೋಗ ಹೋಗಿಲ್ಲ. ಆದರೆ ಮೊದಲಿಗಿಂತ ಚೇತರಿಸಿಕೊಂಡಿದ್ದಾಳೆ. ಈ ಚೇತರಿಕೆ ಹತ್ತು ವರ್ಷ ಹಿಂದೆಯೇ ಅವಳಿಗೆ ಸಿಗಬಹುದಿತ್ತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಹೋದ ತಿಂಗಳು ಎರಡನೆಯ ಸುತ್ತಿಗೇ ಕೂತುಬಿಟ್ಟಳು. "ಸಾಕಕ್ಕ. ನಾ ಮೊದಲಿಂದ್ಲೂ ಮೈಗಳ್ಳಿ. ಅದಕ್ಕ ದೇವರು ಹಿಂಗ ಮಾಡ್ಯಾನ" ಎಂದಳು. ಹಾಸ್ಯಕ್ಕೆ ಅಂದದ್ದಲ್ಲ. ಹಾಗೆಂದು ನಂಬಿದ್ದಳು.

ಹೇಳಿಬಿಟ್ಟೆ. ಡಾಕ್ಟರು ಬರೆದದ್ದು, ಬಸ್ಸಿನಲ್ಲಿ ಓದಿದ್ದು, ಒಲೆಗೆ ಹಾಕಿದ್ದು, ಯಾಕೆ ಹಾಕಿದೆ ಎಂಬುದು — ಎಲ್ಲವನ್ನೂ. ಬೈಯುತ್ತಾಳೆ, ಎದ್ದುಹೋಗುತ್ತಾಳೆ ಎಂದು ಕಾದೆ. ಅವಳು ನನ್ನ ಕಡೆ ತಿರುಗಿದಳು.

"ಹಂಗಾರ ನಾ ಮೈಗಳ್ಳಿ ಅಲ್ಲೇನಕ್ಕ?"

"ಅಲ್ಲವ್ವ" ಎಂದೆ.

"ಆಗ ನನಗ ಖರೇನ ಕೆಲಸ ಮಾಡಾಕ ಆಗ್ತಿರಲಿಲ್ಲ?"

"ಖರೇನ ಆಗ್ತಿರಲಿಲ್ಲ."

ಅವಳ ಮುಖ ಹಗುರಾಯಿತು. ಚಪ್ಪಲಿಯಲ್ಲಿ ಹೊಡೆದಿದ್ದರೂ ನನಗೆ ಅಷ್ಟು ಬಡಿಯುತ್ತಿರಲಿಲ್ಲ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಎಲ್ಲರೂ ಕುಂತಾಗ ಅತ್ತಿ ಮುಂದ ಇದನ್ನ ಹೇಳಕ್ಕ" ಎಂದಳು, ಅಷ್ಟೇ.

ಅಂದು ಮಧ್ಯಾಹ್ನವೇ ಹೇಳಿದೆ. ಅತ್ತೆ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟರು. ಮೈದುನ ಎದ್ದು ಹೋದ. ನನ್ನ ಗಂಡ ಇವತ್ತಿಗೂ ನನ್ನ ಮುಖ ನೆಟ್ಟಗೆ ನೋಡುವುದಿಲ್ಲ. ಸುಮಂಗಲಾ ಮಾತ್ರ ಎದ್ದೇಳದೆ, ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು. ಆ ಮನೆಯಲ್ಲಿ ಅವಳು ಹಾಗೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು.